ಬರುವುದನ್ನು ಬಿಟ್ಟ ಓದುಗರು: ದಾವಣಗೆರೆಯ ಶಾಖಾ ಗ್ರಂಥಾಲಯವೊಂದರ ಪ್ರಕರಣ ಅಧ್ಯಯನ

ಸಾರ್ವಜನಿಕ ಗ್ರಂಥಾಲಯದ ಬಾಗಿಲ ಬಳಿ ಒಂದು ಹಾಜರಿ ವಹಿ ಇರುತ್ತದೆ. ಬಂದವರು ಹೆಸರು ಬರೆದು ಸಹಿ ಹಾಕುತ್ತಾರೆ. ತಿಂಗಳ ಕೊನೆಯಲ್ಲಿ ಸಹಿಗಳನ್ನು ಎಣಿಸಿ ಮೇಲಿನ ಕಚೇರಿಗೆ ಲೆಕ್ಕ ಕಳುಹಿಸಲಾಗುತ್ತದೆ. ಎಷ್ಟು ಜನ ಬಂದರು ಎಂಬುದು ಇದರಿಂದ ತಿಳಿಯುತ್ತದೆ. ಯಾರು ಬರುವುದನ್ನು ಬಿಟ್ಟರು, ಏಕೆ ಬಿಟ್ಟರು ಎಂಬುದು ತಿಳಿಯುವುದಿಲ್ಲ. ದಾವಣಗೆರೆಯ ಹಳೆಯ ಭಾಗದ ಒಂದು ಶಾಖೆಯಲ್ಲಿ ಗ್ರಂಥಪಾಲಕಿಯೊಬ್ಬರು ಈ ಎರಡನೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡಾಗ ಏನೇನು ಹೊರಬಿತ್ತು, ಯಾವುದು ಸರಿಹೋಯಿತು, ಯಾವುದು ಇನ್ನೂ ಹಾಗೆಯೇ ಉಳಿದಿದೆ ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ಗ್ರಂಥಾಲಯ ವಿಜ್ಞಾನ ಕಲಿಸುವ ನನ್ನನ್ನು ಅವರು ಸಲಹೆಗೆಂದು ಕರೆದರು. ಆಮೇಲೆ ಆ ಕೆಲಸದಲ್ಲಿ ನಾನೂ ಸೇರಿಕೊಂಡೆ. ಸಂಬಂಧಪಟ್ಟ ಓದುಗರೆಲ್ಲರೂ ತಮ್ಮ ವಿಷಯ ಬರೆಯಲು ಒಪ್ಪಿದ್ದಾರೆ. ಆದರೂ ಅವರ ಹೆಸರುಗಳನ್ನಾಗಲಿ ಶಾಖೆಯ ಹೆಸರನ್ನಾಗಲಿ ಹೇಳುವುದಿಲ್ಲ.

ಶಾಖೆಯ ಸುತ್ತಮುತ್ತ ಹತ್ತಿ ಗಿರಣಿಗಳಲ್ಲಿ ದುಡಿದು ನಿವೃತ್ತರಾದವರ ಮನೆಗಳಿವೆ. ಮಂಡಕ್ಕಿ ಭಟ್ಟಿಯ ಕಡೆಯ ಕುಟುಂಬಗಳೂ ಬರುತ್ತವೆ. ಬಾಡಿಗೆ ಕೊಠಡಿ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕರಂತೂ ಬಾಗಿಲು ತೆರೆಯುವ ಮೊದಲೇ ಚೀಲವಿಟ್ಟು ಸಾಲು ನಿಲ್ಲುತ್ತಾರೆ. ಇರುವ ಮೇಜು ಕುರ್ಚಿಗಳೆಲ್ಲ ಬೆಳಿಗ್ಗೆಯೇ ಅವರಿಂದ ತುಂಬಿಹೋಗುತ್ತವೆ. ಇದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಹಾಜರಿ ವಹಿ ಪ್ರತಿ ತಿಂಗಳೂ ತುಂಬುತ್ತಿದ್ದುದರಿಂದ ಹಿರಿಯರು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದುದು ಯಾರ ಗಮನಕ್ಕೂ ಬರಲಿಲ್ಲ. ಲೆಕ್ಕದಲ್ಲಿ ಶಾಖೆ ಚೆನ್ನಾಗಿಯೇ ನಡೆಯುತ್ತಿತ್ತು.

ಇಲ್ಲಿ ಪುಸ್ತಕ ಎರವಲು ಕೊಡುವುದು ಇಂದಿಗೂ ಹಳೆಯ ಟಿಕೆಟ್ ಪದ್ಧತಿಯಲ್ಲಿಯೇ. ಸದಸ್ಯರ ಟಿಕೆಟ್‌ಗಳು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ನಿಂತಿರುತ್ತವೆ. ಗ್ರಂಥಪಾಲಕಿ ಮಾಡಿದ ಮೊದಲ ಕೆಲಸವೆಂದರೆ, ವರ್ಷದಿಂದ ಕದಲದೆ ಉಳಿದ ಟಿಕೆಟ್‌ಗಳನ್ನು ಹೊರತೆಗೆದು ಸದಸ್ಯತ್ವದ ಅರ್ಜಿಗಳ ಜೊತೆ ತಾಳೆ ನೋಡಿದ್ದು. ಅರ್ಜಿಯಲ್ಲಿ ಹುಟ್ಟಿದ ದಿನಾಂಕ ಇರುತ್ತದೆ. ಅರವತ್ತು ದಾಟಿದವರನ್ನು ಬೇರೆ ಮಾಡಿ ಬರೆದುಕೊಂಡಾಗ ಪಟ್ಟಿ ಹಾಳೆಯ ಎರಡೂ ಬದಿ ತುಂಬಿತು. ದಿನಕ್ಕೆ ಕೆಲವರಂತೆ ಫೋನ್ ಮಾಡತೊಡಗಿದರು. ಕೆಲವರು ತೀರಿಕೊಂಡಿದ್ದರು. ಕೆಲವರು ಮಕ್ಕಳ ಜೊತೆ ಬೆಂಗಳೂರು ಸೇರಿದ್ದರು. ಉಳಿದವರ ಉತ್ತರಗಳು ಹೆಚ್ಚು ಕಡಿಮೆ ಒಂದೇ ಬಗೆಯವು: ಕಣ್ಣು ಮಂಜಾಗಿದೆ, ಮೆಟ್ಟಿಲು ಹತ್ತಲಾಗುವುದಿಲ್ಲ, ಕೂರಲು ಜಾಗ ಸಿಗುವುದಿಲ್ಲ. ಹಿರಿಯ ಮಹಿಳೆಯೊಬ್ಬರು, "ಒಂದು ಗಂಟೆ ಕೂತರೆ ಶೌಚಕ್ಕೆ ಎಲ್ಲಿಗೆ ಹೋಗಲಮ್ಮ?" ಎಂದು ಕೇಳಿದರು. ಗ್ರಂಥಾಲಯದ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ತಮ್ಮ ದೇಹದ್ದೇ ದೋಷ ಎಂದು ಎಲ್ಲರೂ ಒಪ್ಪಿಕೊಂಡು ಮನೆಯಲ್ಲಿ ಕುಳಿತಿದ್ದರು. ನನ್ನನ್ನು ಹೆಚ್ಚು ಕಲಕಿದ್ದು ಈ ಒಪ್ಪಿಗೆ.

ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ವಸೂಲು ಮಾಡಲಾಗುತ್ತದೆ. ರೂಪಾಯಿಗೆ 6 ಪೈಸೆ. ಮನೆ ಕಟ್ಟಿಸಿದಂದಿನಿಂದ ಕಂದಾಯ ಕಟ್ಟುತ್ತಾ ಬಂದ ಹಿರಿಯರು ಗ್ರಂಥಾಲಯಕ್ಕೂ ದುಡ್ಡು ಕೊಡುತ್ತಲೇ ಬಂದಿದ್ದಾರೆ. ದುಡಿಮೆ ಮುಗಿದು ಓದಲು ಬಿಡುವು ಸಿಕ್ಕಿದ ಕಾಲಕ್ಕೆ ಆ ಬಾಗಿಲು ಅವರಿಗೆ ಎಟುಕದಂತಾದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗುವುದು ನ್ಯಾಯವಲ್ಲ.

ಮೇಷ್ಟರ ಕಣ್ಣು

ಪಟ್ಟಿಯಲ್ಲಿದ್ದ ಒಬ್ಬರು ನಿವೃತ್ತ ಪ್ರೌಢಶಾಲಾ ಕನ್ನಡ ಶಿಕ್ಷಕರು. ಎಪ್ಪತ್ತೈದು ದಾಟಿದವರು. ಒಂದು ಕಾಲದಲ್ಲಿ ಅಶೋಕ ರಸ್ತೆಯ ರೈಲ್ವೆ ಗೇಟ್ ಹಾಕಿದ್ದರೂ ಕಾದು ನಿಂತು, ದಾಟಿ, ಸಂಜೆ ತಪ್ಪದೆ ಬರುತ್ತಿದ್ದರು. ಫೋನ್‌ನಲ್ಲಿ "ಓದಿದ್ದು ಸಾಕು ತಾಯಿ, ವಯಸ್ಸಾಯಿತು" ಎಂದಷ್ಟೇ ಹೇಳಿದರು. ಅವರ ಸೊಸೆ ಫೋನ್ ತೆಗೆದುಕೊಂಡು ನಿಜ ಸಂಗತಿ ತಿಳಿಸಿದರು. ವೈದ್ಯರು ಹೇಳಿದ ಪ್ರಕಾರ ಅದು ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಡಿಯುವ ಪದರದ, ಅಂದರೆ ಅಕ್ಷಿಪಟಲದ, ನಡುಭಾಗ ಸವೆಯುವ ಕಾಯಿಲೆ. ವಯಸ್ಸಾದವರಲ್ಲಿ ಕಾಣಿಸಿಕೊಳ್ಳುವ ಮ್ಯಾಕ್ಯುಲಾ ಸವಕಳಿ.

ಈ ಕಾಯಿಲೆಯ ಸ್ವರೂಪವನ್ನು ಗ್ರಂಥಾಲಯದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ತಿಳಿದಿರಬೇಕು. ಪೊರೆ ಬಂದ ಕಣ್ಣಿಗೆ ಎಲ್ಲವೂ ಮಸುಕಾಗುತ್ತದೆ. ಶಸ್ತ್ರಚಿಕಿತ್ಸೆಯಾದರೆ ಬಹುಪಾಲು ಸರಿಹೋಗುತ್ತದೆ. ಮ್ಯಾಕ್ಯುಲಾ ಸವೆದಾಗ ನೋಟದ ನಟ್ಟನಡುವೆ ಕಲೆ ಬೀಳುತ್ತದೆ, ಅಂಚಿನ ನೋಟ ಉಳಿದಿರುತ್ತದೆ. ಹಾಗಾಗಿ ಆ ವ್ಯಕ್ತಿ ಗೋಡೆಗೆ ತಾಗದೆ ನಡೆಯುತ್ತಾರೆ, ಕೆಳಗೆ ಬಿದ್ದ ಚಪ್ಪಲಿಯನ್ನು ಗುರುತಿಸುತ್ತಾರೆ. ಎದುರಿಗೆ ನಿಂತವರ ಮುಖ ಮಾತ್ರ ಕಾಣುವುದಿಲ್ಲ. ಯಾವ ಅಕ್ಷರವನ್ನು ನೆಟ್ಟು ನೋಡುತ್ತಾರೋ ಅದೇ ಅಳಿಸಿಹೋಗುತ್ತದೆ. ನೋಡುವವರಿಗೆ ಇದು ಸೋಗು ಎನಿಸುತ್ತದೆ. ಮೇಷ್ಟರಿಗೂ ಹಾಗೆಯೇ ಆಗಿತ್ತು. ಪತ್ರಿಕೆಯ ಒಂದೇ ಪುಟದ ಮುಂದೆ ಬಹಳ ಹೊತ್ತು ನಿಂತಿದ್ದಾಗ ಆಗಿನ ಸಹಾಯಕರೊಬ್ಬರು "ಬೇರೆಯವರು ಕಾಯುತ್ತಿದ್ದಾರೆ ಮೇಷ್ಟರೇ, ಪುಟ ಬಿಡಿ" ಎಂದಿದ್ದರಂತೆ. ಮಾತಿನಲ್ಲಿ ಒರಟುತನ ಇರಲಿಲ್ಲ. ಮರುದಿನದಿಂದ ಮೇಷ್ಟರು ಬರಲಿಲ್ಲ.

ಅವರಿಗಾಗಿ ಮೊದಲು ಬದಲಾಯಿಸಿದ್ದು ಬೆಳಕನ್ನು. ಅರವತ್ತರ ಕಣ್ಣಿನ ಅಕ್ಷಿಪಟಲವನ್ನು ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಯುವಕರಿಗೆ ಸಾಕೆನಿಸುವ ಟ್ಯೂಬ್‌ಲೈಟ್ ಹಿರಿಯರಿಗೆ ಸಾಲುವುದಿಲ್ಲ. ಬೆಳಕು ಹೆಚ್ಚಿದರಷ್ಟೇ ಸಾಲದು, ಅದು ಹೊಳಪಿನ ಕಾಗದದ ಮೇಲೆ ಬಿದ್ದು ಕಣ್ಣಿಗೆ ರಾಚಲೂಬಾರದು. ಕುತ್ತಿಗೆ ಬಾಗಿಸಬಹುದಾದ ಒಂದು ಮೇಜುದೀಪವನ್ನು ತಂದು, ಹೆಗಲ ಹಿಂದಿನಿಂದ ಪುಟದ ಮೇಲೆ ಬೀಳುವಂತೆ ಇಟ್ಟೆವು. ಪತ್ರಿಕೆಗಳನ್ನು ನಿಂತು ಓದುವ ಓರೆ ಮಣೆಯೊಂದನ್ನು ತಗ್ಗಿಸಿ, ಕುಳಿತು ಓದುವಂತೆ ಮಾಡಿಸಿದ್ದರಿಂದ ಮೊಣಕಾಲು ನೋವಿನವರಿಗೆಲ್ಲ ಅನುಕೂಲವಾಯಿತು.

ಭೂತಗನ್ನಡಿ ತಂದುಕೊಟ್ಟರೆ ಸಮಸ್ಯೆ ಮುಗಿಯುತ್ತದೆ ಎಂದು ಹಲವರು ಭಾವಿಸುತ್ತಾರೆ. ಹಾಗೆ ಮುಗಿಯುವುದಿಲ್ಲ. ಅಕ್ಷರ ದೊಡ್ಡದಾದಷ್ಟೂ ಗಾಜಿನೊಳಗೆ ಕಾಣುವ ಜಾಗ ಕಿರಿದಾಗುತ್ತದೆ. ನಾಲ್ಕು ಪಟ್ಟು ಹಿಗ್ಗಿಸುವ ಗಾಜಿನಲ್ಲಿ ಒಂದು ಹೊತ್ತಿಗೆ ಎರಡು ಮೂರು ಅಕ್ಷರ ಕಂಡರೆ ಹೆಚ್ಚು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಆರಂಭ ಮರೆತಿರುತ್ತದೆ. ಕೈ ನಡುಗುವವರಿಗಂತೂ ಅದನ್ನು ಒಂದೇ ಎತ್ತರದಲ್ಲಿ ಹಿಡಿಯುವುದೇ ಕಷ್ಟ. ಕಾಗದದ ಮೇಲೆ ನೇರವಾಗಿ ಇಟ್ಟು ಜಾರಿಸುವ ಗುಮ್ಮಟದಾಕಾರದ ಗಾಜು ಅವರಿಗೆ ಒಗ್ಗಿತು, ಆದರೆ ತಲೆಬರಹಗಳಿಗೆ ಮಾತ್ರ.

ಕನ್ನಡ ಲಿಪಿಗೆ ಇಲ್ಲಿ ತನ್ನದೇ ಆದ ತೊಡಕಿದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಕೆಲವು ಚಿಹ್ನೆಗಳು ಮೇಲೆ ಏರುತ್ತವೆ. ಕಾಗದ ಉಳಿಸಲೆಂದು ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿದ ಪುಸ್ತಕದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಮುಟ್ಟುತ್ತದೆ. ಆರೋಗ್ಯವಂತ ಕಣ್ಣು ಅದನ್ನು ಊಹಿಸಿ ಬಿಡಿಸಿಕೊಳ್ಳುತ್ತದೆ. ಸೋತ ಕಣ್ಣಿಗೆ ಅದು ಸಾಧ್ಯವಿಲ್ಲ. ಪ, ಷ, ಫ ಅಕ್ಷರಗಳನ್ನು, ವ ಮತ್ತು ಮ ಅಕ್ಷರಗಳನ್ನು ಬೇರ್ಪಡಿಸುವ ಗೆರೆ ಎಷ್ಟು ಚಿಕ್ಕದೆಂಬುದು ಮೇಷ್ಟರ ಪಕ್ಕದಲ್ಲಿ ಕುಳಿತಾಗ ಅರಿವಿಗೆ ಬರುತ್ತದೆ. ಆದ್ದರಿಂದ ಅಕ್ಷರ ಹಿಗ್ಗಿಸುವುದರ ಜೊತೆಗೆ ಸಾಲುಗಳ ನಡುವಿನ ಜಾಗವನ್ನೂ ಹಿಗ್ಗಿಸಬೇಕು. ದೊಡ್ಡ ಅಕ್ಷರದ ಮುದ್ರಣವೆಂದರೆ 16ರಿಂದ 18 ಪಾಯಿಂಟ್. ನಮ್ಮ ಸಾಮಾನ್ಯ ಪುಸ್ತಕಗಳು 11 ಅಥವಾ 12ರಲ್ಲಿ ಇರುತ್ತವೆ. ದೊಡ್ಡ ಅಕ್ಷರದ ಕನ್ನಡ ಪುಸ್ತಕಗಳು ಮಾರುಕಟ್ಟೆಯಲ್ಲಿ ಅಪರೂಪ.

ನಾವು ಕಂಡುಕೊಂಡ ದಾರಿ ಜೆರಾಕ್ಸ್. ಪುಸ್ತಕದ ಪುಟವನ್ನು ಎ5 ಅಳತೆಯಿಂದ ಎ3ಕ್ಕೆ ಹಿಗ್ಗಿಸಿದರೆ ಅಕ್ಷರ, ಸಾಲಿನ ಅಂತರ ಎರಡೂ ಇಮ್ಮಡಿಯಾಗುತ್ತವೆ. ಮೇಷ್ಟರು ಇಡೀ ಪುಸ್ತಕ ಕೇಳಲಿಲ್ಲ. ಒಂದು ಲೇಖನ, ಒಂದು ಅಧ್ಯಾಯ, ಅಷ್ಟೇ. ದೃಷ್ಟಿಯನ್ನು ಅಕ್ಷರದ ನೇರಕ್ಕೆ ನೆಡದೆ ತುಸು ಪಕ್ಕಕ್ಕೆ ಹೊರಳಿಸಿ ಅಂಚಿನ ನೋಟದಿಂದ ಹಿಡಿಯುವ ಅಭ್ಯಾಸವನ್ನು ನೇತ್ರತಜ್ಞರ ಬಳಿ ಕಲಿತು ಬಂದ ಮೇಲೆ ಅರ್ಧ ಪುಟದವರೆಗೆ ಓದಲು ಸಾಧ್ಯವಾಯಿತು. ಅದಕ್ಕಿಂತ ಹೆಚ್ಚಾದರೆ ಕಣ್ಣು ದಣಿಯುತ್ತಿತ್ತು.

ಹೀಗೆ ಪ್ರತಿ ಮಾಡುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಾಗುತ್ತದೆಯೇ ಎಂಬ ಭಯ ಗ್ರಂಥಪಾಲಕಿಗೆ ಇತ್ತು. ಇಂಥ ಭಯದಿಂದಲೇ ಎಷ್ಟೋ ಗ್ರಂಥಾಲಯಗಳು ಕೈಕಟ್ಟಿ ಕುಳಿತಿವೆ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ಇದನ್ನು ಸ್ಪಷ್ಟವಾಗಿ ಬಿಡಿಸಿದೆ. ವಿಕಲಚೇತನರು ಓದಲು ಸಾಧ್ಯವಾಗುವ ರೂಪಕ್ಕೆ ಕೃತಿಯನ್ನು ಬದಲಾಯಿಸಿ ಕೊಡುವುದಕ್ಕೆ 52ನೇ ಕಲಂ ಅವಕಾಶ ನೀಡುತ್ತದೆ. ಸರ್ಕಾರದ ಮಾನ್ಯತೆಯುಳ್ಳ ಗ್ರಂಥಾಲಯವೂ ಅದನ್ನು ಮಾಡಬಹುದು. ಷರತ್ತುಗಳು ಎರಡು: ಲಾಭ ಮಾಡದೆ ತಯಾರಿಕೆಯ ವೆಚ್ಚವನ್ನಷ್ಟೇ ಪಡೆಯಬೇಕು, ಪ್ರತಿಗಳು ವಿಕಲಚೇತನರ ಬಳಕೆಗೆ ಮಾತ್ರ ಹೋಗುವಂತೆ ನೋಡಿಕೊಳ್ಳಬೇಕು. ಮುದ್ರಿತ ಅಕ್ಷರ ಓದಲಾಗದವರಿಗಾಗಿ ರೂಪುಗೊಂಡ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಇಷ್ಟೆಲ್ಲ ಇದ್ದೂ ಶಾಖೆಯ ಮೇಜಿನವರೆಗೆ ಈ ಮಾಹಿತಿ ಇಳಿದು ಬಂದಿಲ್ಲ.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ವಿಕಲಚೇತನರ ಗುರುತಿನ ಚೀಟಿ ಮಾಡಿಸಿಕೊಳ್ಳಿ ಎಂದು ಸೂಚಿಸಿದಾಗ ಮೇಷ್ಟರು ನೊಂದುಕೊಂಡರು. "ನಾನು ಅಂಗವಿಕಲನಲ್ಲಮ್ಮ. ಕಣ್ಣು ಹೋಗಿದೆ, ಅಷ್ಟೆ" ಎಂದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಮಂದದೃಷ್ಟಿ ಸ್ಪಷ್ಟವಾಗಿ ಇದೆ. ಆದರೆ ಬದುಕಿನ ಬಹುಭಾಗವನ್ನು ಕಣ್ಣಿದ್ದವರಾಗಿ ಕಳೆದವರಿಗೆ ಆ ಚೀಟಿ ಹಿಡಿಯುವುದು ಸುಲಭವಲ್ಲ. ಹಿರಿಯರಲ್ಲಿ ಎಷ್ಟೋ ಜನ ಅದಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ. ಚೀಟಿ ತೋರಿಸಿದವರಿಗೆ ಮಾತ್ರ ಸೌಲಭ್ಯ ಎಂದು ಹೊರಟರೆ ಇವರೆಲ್ಲ ಹೊರಗುಳಿಯುತ್ತಾರೆ. ಗ್ರಂಥಪಾಲಕಿ ತೆಗೆದುಕೊಂಡ ನಿರ್ಧಾರ ನನಗೆ ಸರಿಯೆನಿಸಿತು: ದೀಪ, ಗಾಜು, ಕುಳಿತುಕೊಳ್ಳುವ ಜಾಗ, ಓದಿ ಹೇಳುವ ನೆರವು ಇವುಗಳಿಗೆ ಓದುಗರ ಮಾತೇ ಸಾಕು, ಪುಸ್ತಕದ ಪ್ರತಿ ಮಾಡಬೇಕಾದಾಗ ಕಣ್ಣಿನ ತಪಾಸಣೆಯ ಚೀಟಿಯ ನಕಲನ್ನು ಕಡತದಲ್ಲಿ ಇಟ್ಟುಕೊಳ್ಳುವುದು.

ಟೈಲರ್ ಅಳೆದ ರ‍್ಯಾಂಪ್

ಶಾಖೆಗೆ ರ‍್ಯಾಂಪ್ ಇದೆ ಎಂದು ಕಡತದಲ್ಲಿ ಬರೆದಿತ್ತು. ಇದ್ದದ್ದೂ ನಿಜ. ಪೋಲಿಯೊದಿಂದ ಎರಡೂ ಕಾಲು ಸೋತ, ಮೂರು ಚಕ್ರದ ಗಾಡಿಯಲ್ಲಿ ಓಡಾಡುವ ಟೈಲರ್ ಒಬ್ಬರು ಅದೇ ಬೀದಿಯಲ್ಲಿದ್ದಾರೆ. ಅವರು ಕಾದಂಬರಿ ಪ್ರಿಯರು. ಮಗನ ಕೈಯಲ್ಲಿ ಪುಸ್ತಕ ತರಿಸಿಕೊಳ್ಳುತ್ತಿದ್ದರು. ರ‍್ಯಾಂಪ್ ಇದ್ದೂ ಒಳಗೆ ಏಕೆ ಬರುವುದಿಲ್ಲ ಎಂದು ಕೇಳಿದಾಗ ಅವರು ಉತ್ತರ ಹೇಳಲಿಲ್ಲ. ಕೊರಳಲ್ಲಿದ್ದ ಟೇಪನ್ನು ತೆಗೆದು ಮಗನಿಗೆ ಕೊಟ್ಟು ಅಳೆಯಲು ಹೇಳಿದರು. ನೆಲದಿಂದ ಹೊಸ್ತಿಲಿನವರೆಗೆ ಎತ್ತರ 18 ಇಂಚು. ರ‍್ಯಾಂಪಿನ ಉದ್ದ 6 ಅಡಿ. ಅಂದರೆ ನಾಲ್ಕು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಏರಬೇಕು. "ಇದನ್ನು ಹತ್ತಬೇಕಾದರೆ ಹಿಂದಿನಿಂದ ಇಬ್ಬರು ತಳ್ಳಬೇಕು, ಇಳಿಯುವಾಗ ದೇವರೇ ಹಿಡಿಯಬೇಕು" ಎಂದರು. ಮೇಲೆ ಹಾಸಿದ್ದು ನುಣುಪಾದ ಗ್ರಾನೈಟ್. ಮಳೆ ಬಿದ್ದ ದಿನ ಎರಡು ಕಾಲಿನ ಮೇಲೆ ನಡೆಯುವವರೂ ಅಲ್ಲಿ ಜಾರುತ್ತಿದ್ದರು.

ದೇಶದ ಸುಗಮ್ಯತಾ ಮಾರ್ಗಸೂಚಿಗಳು ಹೇಳುವ ಇಳಿಜಾರು 1ಕ್ಕೆ 12. ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ; ಹೀಗೆ 18 ಇಂಚು ಎತ್ತರಕ್ಕೆ 18 ಅಡಿ ಉದ್ದ ಬೇಕು. ಕಾಂಪೌಂಡ್ ಗೋಡೆಯವರೆಗೆ ಇದ್ದ ಜಾಗ 12 ಅಡಿಯಷ್ಟೇ. ಹಾಗಾಗಿ ರ‍್ಯಾಂಪನ್ನು ಗೋಡೆಯ ಉದ್ದಕ್ಕೂ ಸಾಗಿಸಿ, ಮೂಲೆಯಲ್ಲಿ 5 ಅಡಿ ಚೌಕದ ಸಮತಟ್ಟು ಮಾಡಿ, ಅಲ್ಲಿಂದ ಬಾಗಿಲಿಗೆ ತಿರುಗಿಸುವ ನಕ್ಷೆಯನ್ನು ಸಿದ್ಧಪಡಿಸಲಾಯಿತು. ಗಾಡಿ ತಿರುಗಲು ಅಷ್ಟು ಚೌಕ ಬೇಕೇ ಬೇಕು. ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಸಂಪನ್ಮೂಲದ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಆ ಹಣದಲ್ಲಿ ಕೆಲಸ ಆಗಲಿ ಎಂದು ಅರ್ಜಿ ಹೋಯಿತು. ಕಡತ ಮೇಜಿನಿಂದ ಮೇಜಿಗೆ ಅಲೆಯಿತು. ಗ್ರಂಥಾಲಯದ ಕಟ್ಟಡಕ್ಕೆ ತಮ್ಮ ಹಣ ಹಾಕಬಹುದೇ ಎಂಬ ಪ್ರಶ್ನೆಯ ಮೇಲೆ ಅದು ಬಹುಕಾಲ ನಿಂತಿತು. ಕೊನೆಗೂ ಕೆಲಸ ಆಯಿತು: ಒರಟು ಮೇಲ್ಮೈ ಬಂತು, ಇಳಿಜಾರು ಸರಿಯಾಯಿತು. ಹಿಡಿಕಂಬಿ ಮಾತ್ರ ಒಂದೇ ಬದಿಗೆ ಬಂದಿದೆ. ಪಾರ್ಶ್ವವಾಯುವಿನಿಂದ ಬಲಗೈ ಸೋತವರಿಗೆ ಹತ್ತುವಾಗ ಅದು ಸಿಗುತ್ತದೆ, ಇಳಿಯುವಾಗ ಸಿಗುವುದಿಲ್ಲ. ಎರಡೂ ಬದಿಗೆ ಬೇಕೆನ್ನುವುದು ಅಲಂಕಾರಕ್ಕಲ್ಲ.

ಇಷ್ಟರ ನಡುವೆ ಖರ್ಚೇ ಇಲ್ಲದ ಒಂದು ಪರಿಹಾರವೂ ಕಣ್ಣೆದುರಿಗೇ ಇತ್ತು. ಬಾಗಿಲಿಗೆ ಎರಡು ಕದ. ಕಟ್ಟಡವಾದಾಗಿನಿಂದ ಒಂದನ್ನೇ ತೆರೆಯುವ ರೂಢಿ. ಇನ್ನೊಂದರ ಮೇಲಿನ ಅಗುಳಿ ತುಕ್ಕು ಹಿಡಿದು ಕೂತಿತ್ತು. ಎಣ್ಣೆ ಬಿಟ್ಟು ಅದನ್ನು ಇಳಿಸಿದ ದಿನವೇ ಗಾಡಿ ಒಳಗೆ ಬರುವಷ್ಟು ಅಗಲ ಸಿಕ್ಕಿತು. ಹೊಸ್ತಿಲು ಎರಡು ಇಂಚು ಎದ್ದಿತ್ತು. ಅದನ್ನು ಕಡಿಯುವುದು ಯಾರಿಗೂ ಮನಸ್ಸಿಗೆ ಬರಲಿಲ್ಲ. ಎರಡೂ ಬದಿಗೆ ಮರದ ಓರೆ ಹಲಗೆ ಕೂರಿಸಿದರು. ಶುಕ್ರವಾರ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುವುದು ನಿಂತಿಲ್ಲ, ಗಾಡಿಯೂ ದಾಟುತ್ತದೆ.

ಕಾನೂನಿನ ಮಾತು ಹೇಳದೆ ಮುಂದೆ ಹೋಗಲಾಗದು. ವಿಕಲಚೇತನರ ಹಕ್ಕುಗಳ ಕಾಯ್ದೆಯ 45ನೇ ಕಲಂ, ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷಗಳೊಳಗೆ ಈಗಿರುವ ಸಾರ್ವಜನಿಕ ಕಟ್ಟಡಗಳೆಲ್ಲ ಸುಗಮವಾಗಬೇಕು ಎನ್ನುತ್ತದೆ. ನಿಯಮಗಳು 2017ರ ಜೂನ್‌ನಲ್ಲಿ ಬಂದವು. ಗಡುವು 2022ರಲ್ಲಿಯೇ ಮುಗಿದಿದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದ ತೀರ್ಪಿನಲ್ಲಿ, ಸುಗಮ್ಯತೆಯ ಮಾನದಂಡಗಳನ್ನು ಬರೀ ಶಿಫಾರಸಾಗಿ ಬಿಡುವುದು ಕಾಯ್ದೆಗೆ ವಿರುದ್ಧ, ಕಡ್ಡಾಯ ನಿಯಮ ರೂಪಿಸಿ ಎಂದು ಕೇಂದ್ರಕ್ಕೆ ಆದೇಶಿಸಿತು. ಆದ್ದರಿಂದ ಟೈಲರ್ ಕೇಳಿದ್ದು ಯಾರ ಕೃಪೆಯನ್ನೂ ಅಲ್ಲ.

ಕಿವಿಯಿಂದ ಓದುವವರು

ವಿಕಲಚೇತನರಿಗೆ ನೆರವಾಗುವ ನಗರ ಪುನರ್ವಸತಿ ಕಾರ್ಯಕರ್ತರೊಬ್ಬರು ಹುಟ್ಟಿನಿಂದ ಕಣ್ಣು ಕಾಣದ ಪದವಿ ವಿದ್ಯಾರ್ಥಿಯನ್ನು ಕರೆತಂದರು. ಮನೆ ಗ್ರಂಥಾಲಯದಿಂದ ಕೂಗಳತೆಯಲ್ಲಿತ್ತು. ಆದರೂ ಅವನು ಎಂದೂ ಒಳಗೆ ಬಂದಿರಲಿಲ್ಲ. "ಅಲ್ಲಿ ನನಗೇನಿದೆ ಸರ್?" ಎಂಬ ಅವನ ಪ್ರಶ್ನೆಗೆ ಅಂದು ಉತ್ತರವಿರಲಿಲ್ಲ.

ಶಾಖೆಯಲ್ಲಿ ಬಟ್ಟೆ ಹೊದಿಸಿಟ್ಟ ಒಂದು ಕಂಪ್ಯೂಟರ್ ಇತ್ತು. ಅವನೇ ಅದರಲ್ಲಿ ಎನ್‌ವಿಡಿಎ ಎಂಬ ತೆರೆ ಓದುವ ತಂತ್ರಾಂಶವನ್ನು ಹಾಕಿದ. ಅದು ಉಚಿತ, ಕನ್ನಡವನ್ನೂ ಓದುತ್ತದೆ. ದನಿ ಯಾಂತ್ರಿಕ, ಆದರೆ ಅವನಿಗೆ ಅದೇ ಇಷ್ಟ, ಏಕೆಂದರೆ ವೇಗ ಹೆಚ್ಚಿಸಿದರೂ ಉಚ್ಚಾರ ಕಲಸಿಹೋಗುವುದಿಲ್ಲ. ನಮಗೆ ಒಂದು ಪದವೂ ಹಿಡಿಯದ ವೇಗದಲ್ಲಿ ಅವನು ಸಂಪಾದಕೀಯ ಮುಗಿಸುತ್ತಾನೆ.

ತೊಡಕು ಬೇರೆ ಕಡೆ ಎದುರಾಯಿತು. ಸ್ಪರ್ಧಾತ್ಮಕ ಪರೀಕ್ಷೆಯ ಕನ್ನಡ ಪಿಡಿಎಫ್‌ಗಳನ್ನು ತೆರೆದರೆ ಯಂತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರತೊಡಗಿತು. ಕಾರಣವಿಷ್ಟೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಗೆ ಮುಂಚಿನ ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಕನ್ನಡ ಅಕ್ಷರದ ಚಿತ್ರವನ್ನು ರೋಮನ್ ಅಕ್ಷರದ ಸಂಕೇತದ ಮೇಲೆ ಕೂರಿಸಲಾಗುತ್ತಿತ್ತು. ಕಣ್ಣಿಗೆ ಕನ್ನಡ ಕಾಣುತ್ತದೆ, ಯಂತ್ರಕ್ಕೆ ಸಿಗುವುದು ರೋಮನ್ ಸಂಕೇತ. ಅಚ್ಚಿನ ಮನೆಗಳಲ್ಲಿ ಆ ರೂಢಿ ಇನ್ನೂ ಗಟ್ಟಿಯಾಗಿದೆ. ಇನ್ನು ಪುಟಗಳನ್ನು ಸ್ಕ್ಯಾನ್ ಮಾಡಿ ಏರಿಸಿದ ಪುಸ್ತಕಗಳಲ್ಲಿ ಪಠ್ಯವೇ ಇರುವುದಿಲ್ಲ, ಬರೀ ಚಿತ್ರ, ಯಂತ್ರ ಮೌನವಾಗುತ್ತದೆ. ಡಿಜಿಟಲ್ ಮಾಡಿದ್ದೇವೆ ಎಂದು ಹೇಳಿಕೊಳ್ಳುವ ಮೊದಲು ಆ ಕಡತವನ್ನು ಕುರುಡ ಓದುಗರೊಬ್ಬರ ಮುಂದೆ ಒಮ್ಮೆ ತೆರೆದು ನೋಡಬೇಕು. ಹಣ ಸುರಿದು ಮಾಡಿದ ಕೆಲಸ ಯಾರಿಗಾಗಿ ಆಗಬೇಕಿತ್ತೋ ಅವರಿಗೇ ದಕ್ಕದೆ ಹೋಗುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಹಳೆಯ ಅಕ್ಷರದ ಕಡತಗಳನ್ನು ಪರಿವರ್ತಕದಲ್ಲಿ ಯೂನಿಕೋಡ್‌ಗೆ ತಂದೆವು. ಚಿತ್ರದ ಪುಟಗಳನ್ನು ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟೆವು. ಒತ್ತಕ್ಷರಗಳಲ್ಲಿ ಅದು ಮುಗ್ಗರಿಸುತ್ತದೆ. ಹತ್ತಿರದ ಕಾಲೇಜಿನ ವಿದ್ಯಾರ್ಥಿಗಳು ಮೂಲದ ಜೊತೆ ಹೋಲಿಸಿ ತಿದ್ದುತ್ತಿದ್ದಾರೆ. ಇದು ನಿಧಾನದ ಕೆಲಸ. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯವೆಂಬ ಜಾಲತಾಣ ಗ್ರಂಥಾಲಯಕ್ಕೂ ಅವನ ಹೆಸರು ನೋಂದಾಯಿಸಲಾಯಿತು. ಇಂಗ್ಲಿಷ್, ಹಿಂದಿಗೆ ಹೋಲಿಸಿದರೆ ಅಲ್ಲಿ ಕನ್ನಡ ಪುಸ್ತಕಗಳು ಕಡಿಮೆ. ಬ್ರೈಲ್ ಪುಸ್ತಕಗಳನ್ನು ಅಂಚೆಯಲ್ಲಿ ತರಿಸಿಕೊಳ್ಳಲು ವೆಚ್ಚವಿಲ್ಲ. ಅಂಧರ ಸಾಹಿತ್ಯದ ಪೊಟ್ಟಣವನ್ನು 7 ಕಿಲೋವರೆಗೆ ಭಾರತೀಯ ಅಂಚೆ ಉಚಿತವಾಗಿ ಸಾಗಿಸುತ್ತದೆ. ಇದು ಹಳೆಯ ಸೌಲಭ್ಯ, ಬಳಸುವವರು ವಿರಳ.

ಮೇಷ್ಟರಿಗೆ ಮೊಬೈಲ್ ಕೇಳಿಸಿ ಓದುವುದನ್ನು ಕಲಿಸಿದ್ದು ಇದೇ ಹುಡುಗ. ನಾನಾಗಲಿ ಗ್ರಂಥಪಾಲಕಿಯಾಗಲಿ ಅದನ್ನು ಕಲಿಸಲಾರೆವು, ಏಕೆಂದರೆ ನಾವು ತೆರೆಯನ್ನು ನೋಡಿಯೇ ಬಳಸುವವರು. ಆಂಡ್ರಾಯ್ಡ್ ಫೋನ್‌ನಲ್ಲಿ ತೆರೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಚಾಲೂ ಆದರೆ ಬೆರಳಿನ ಎಲ್ಲ ಅಭ್ಯಾಸಗಳೂ ಬದಲಾಗುತ್ತವೆ: ಒಮ್ಮೆ ಮುಟ್ಟಿದರೆ ಹೆಸರು ಹೇಳುತ್ತದೆ, ಬೇಗನೆ ಎರಡು ಬಾರಿ ತಟ್ಟಿದರೆ ತೆರೆಯುತ್ತದೆ. ನಡುಗುವ ಬೆರಳಿನ ಎರಡು ತಟ್ಟುಗಳ ನಡುವೆ ಹೊತ್ತು ಹೆಚ್ಚಾಗಿ ಯಂತ್ರ ಅವನ್ನು ಬೇರೆ ಬೇರೆ ಎಂದುಕೊಳ್ಳುತ್ತಿತ್ತು. ಹುಡುಗನಿಗೆ ತಾಳ್ಮೆ ಕಡಿಮೆ. ಮೇಷ್ಟರಿಗೆ ವಿದ್ಯಾರ್ಥಿಯಾಗಿ ಕುಳಿತು ರೂಢಿಯಿಲ್ಲ. "ನಿಧಾನ ತಮ್ಮಾ" ಎಂದು ಇವರು, "ಬೇಗ ತಟ್ಟಬೇಕು ಸರ್" ಎಂದು ಅವನು. ವಾರಗಟ್ಟಲೆ ಹೀಗೆಯೇ ನಡೆದು, ಕೊನೆಗೆ ಒಂದೆರಡೇ ಕೆಲಸಗಳನ್ನು ಗಟ್ಟಿ ಮಾಡಿಕೊಂಡರೆ ಸಾಕೆಂಬ ತೀರ್ಮಾನಕ್ಕೆ ಬಂದರು: ದಿನಪತ್ರಿಕೆಯ ಪುಟ ತೆರೆಯುವುದು, ಮೇಲಿನಿಂದ ಓದಿಸುವುದು. ಅಷ್ಟನ್ನು ಮೇಷ್ಟರು ಈಗ ತಾವೇ ಮಾಡುತ್ತಾರೆ.

ಓದಿ ಹೇಳುವ ಮಧ್ಯಾಹ್ನ

ಪರೀಕ್ಷಾರ್ಥಿಗಳು ಊಟಕ್ಕೆ ಹೋಗುವ ಹೊತ್ತಿನಲ್ಲಿ ವಾಚನಾಲಯದ ಒಂದು ಭಾಗವನ್ನು ಗಟ್ಟಿಯಾಗಿ ಓದಲು ಬಿಟ್ಟುಕೊಡಲಾಯಿತು. ಮೊದಲ ದಿನಗಳಲ್ಲಿ ಕಾಲೇಜಿನ ಹುಡುಗಿಯರು ಓದಿದರು, ಹಿರಿಯರು ತಲೆಯಾಡಿಸಿದರು. ಎಷ್ಟೋ ಜನಕ್ಕೆ ಏನೂ ತಿಳಿದಿರಲಿಲ್ಲವೆಂಬುದು ಆಮೇಲೆ ಗೊತ್ತಾಯಿತು. ಮಗ್ಗಗಳ ಅಬ್ಬರದಲ್ಲಿ ದುಡಿದವರ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಸ್ಥಾಯಿಯ ಸದ್ದನ್ನು; ವಯಸ್ಸೂ ಅದನ್ನೇ ಕಸಿಯುತ್ತದೆ. ಸ, ಶ, ತ, ಕ ಮೊದಲಾದ ವ್ಯಂಜನಗಳು ಜಾರಿಹೋಗಿ ಸ್ವರಗಳಷ್ಟೇ ಉಳಿಯುತ್ತವೆ. "ಕೇಳಿಸುತ್ತದೆ, ಏನೆಂದು ಗೊತ್ತಾಗುವುದಿಲ್ಲ" ಎಂದು ಗಿರಣಿಯ ಹಿರಿಯರೊಬ್ಬರು ಹೇಳಿದ್ದು ಅಕ್ಷರಶಃ ನಿಜ. ಕೂಗಿ ಓದಿದರೆ ಪ್ರಯೋಜನವಿಲ್ಲ, ದನಿ ಇನ್ನಷ್ಟು ಏರಿ ಕೆಡುತ್ತದೆ. ತಗ್ಗಿದ ದನಿಯಲ್ಲಿ, ಪದ ಬಿಡಿಸಿ, ತುಟಿ ಕಾಣುವಂತೆ ಓದಬೇಕು. ಓದುವವರ ಬೆನ್ನಿಗೆ ಕಿಟಕಿ ಇದ್ದರೆ ಮುಖ ಕತ್ತಲಾಗುತ್ತದೆ. ಕುರ್ಚಿಯನ್ನು ಎದುರು ಗೋಡೆಗೆ ಸರಿಸಿದೆವು. ಕಿರುಗುಟ್ಟುವ ಸೀಲಿಂಗ್ ಫ್ಯಾನನ್ನು ರಿಪೇರಿ ಮಾಡಿಸಿದೆವು.

ಅದಕ್ಕಿಂತ ದೊಡ್ಡ ಬದಲಾವಣೆಯನ್ನು ತಂದವರು ಮೇಷ್ಟರು. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಬಿಡಿಸುವುದು ನಮ್ಮ ಗಮಕದ ಕ್ರಮ; ವಾಚನ, ವ್ಯಾಖ್ಯಾನ ಎರಡೂ ಸೇರಿದರೇ ಪೂರ್ಣ. ಹುಡುಗಿ ಒಂದು ಭಾಗ ಓದಿ ನಿಲ್ಲಿಸುತ್ತಾಳೆ, ಮೇಷ್ಟರು ಅದನ್ನು ಆಡುಮಾತಿನಲ್ಲಿ ವಿವರಿಸುತ್ತಾರೆ, ಕೇಳದವರಿಗೆ ಮತ್ತೊಮ್ಮೆ ಹೇಳುತ್ತಾರೆ. ಅವರಿಗೆ ಪುಟ ಬೇಕಿಲ್ಲ, ಎಷ್ಟೋ ಕಾವ್ಯ ಬಾಯಿಗೇ ಇದೆ. ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ನಲವತ್ತು ವರ್ಷ ದುಡಿದ, ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಯೊಬ್ಬರು ಈಗ ಎಲ್ಲರಿಗಿಂತ ಮೊದಲು ಬಂದು ಮುಂದಿನ ಕುರ್ಚಿ ಹಿಡಿಯುತ್ತಾರೆ. ಹಾಜರಿ ವಹಿಯಲ್ಲಿ ಅವರದು ಹೆಬ್ಬೆಟ್ಟು. ಓದಲು ಬಾರದವರಿಗೆ ಗ್ರಂಥಾಲಯದಲ್ಲಿ ಏನು ಕೆಲಸ ಎಂದು ಒಬ್ಬರು ಕೇಳಿದರು. ಕತೆ ಕೇಳಿ ಕಣ್ಣೊರೆಸಿಕೊಳ್ಳುವ ಆ ಅಜ್ಜಿಯನ್ನು ಓದುಗರಲ್ಲ ಎನ್ನಲು ನನ್ನಿಂದಾಗದು.

ಉಳಿದ ಕೆಲಸ

ಮನೆಗೆ ಪುಸ್ತಕ ತಲುಪಿಸುವ ಯೋಜನೆ ನೆಲೆಯೂರಲಿಲ್ಲ. ಶಾಖೆಯಲ್ಲಿ ಇರುವವರು ಗ್ರಂಥಪಾಲಕಿ ಮತ್ತು ಒಬ್ಬ ಸಹಾಯಕ. ಅವರು ಸೈಕಲ್ ಏರಿ ಹೊರಟರೆ ಇಲ್ಲಿ ಪುಸ್ತಕ ಕೊಡುವವರಿಲ್ಲ. ಅದರ ಬದಲು ಒಪ್ಪಿಗೆ ಪತ್ರದ ಕ್ರಮ ಬಂತು. ಸದಸ್ಯರೇ ಬರಬೇಕು ಎಂಬ ಹಳೆಯ ಪಟ್ಟನ್ನು ಸಡಿಲಿಸಿ, ಮಗ, ಸೊಸೆ, ಮೊಮ್ಮಗ, ನೆರೆಯವರು ಯಾರಾದರೂ ಒಬ್ಬರ ಹೆಸರನ್ನು ಬರೆದುಕೊಟ್ಟರೆ ಅವರ ಕೈಗೆ ಪುಸ್ತಕ ಕೊಡುವುದು. ಯಾವುದೇ ಶಾಖೆ ನಾಳೆಯೇ ಇದನ್ನು ಆರಂಭಿಸಬಹುದು.

ಮಹಿಳೆಯರ ವಿಷಯದಲ್ಲಿ ಪಟ್ಟಿ ಅಷ್ಟಾಗಿ ಫಲ ಕೊಡಲಿಲ್ಲ. ಅರ್ಜಿಯಲ್ಲಿ ಅವರ ಹೆಸರಿನ ಮುಂದೆ ಇರುವುದು ಗಂಡನ ಅಥವಾ ಮಗನ ಫೋನ್ ಸಂಖ್ಯೆ. ಕರೆ ಎತ್ತಿದವರು "ಅಮ್ಮ ಈಗ ಏನೂ ಓದುವುದಿಲ್ಲ" ಎಂದು ತಾವೇ ಉತ್ತರ ಕೊಟ್ಟು ಇಡುತ್ತಾರೆ. ಮನೆಗೆ ಹೋಗಿ ಕೇಳಿದಾಗ ಉತ್ತರ ಬೇರೆಯಾದ ಉದಾಹರಣೆಗಳಿವೆ. ಅಂಥ ಭೇಟಿಗಳನ್ನು ಓದುವ ತಂಡದ ಹುಡುಗಿಯರು ವಹಿಸಿಕೊಂಡಿದ್ದಾರೆ.

ಶೌಚಾಲಯ ಇನ್ನೂ ಆಗಿಲ್ಲ. ಹಿಂಬದಿಯಲ್ಲಿ ಇರುವುದು ಸಿಬ್ಬಂದಿಯದು, ಕುಕ್ಕರಗಾಲಲ್ಲಿ ಕೂರಬೇಕಾದದ್ದು, ಬಾಗಿಲು ಕಿರಿದು, ಒಳಗೆ ಹಿಡಿಯಲು ಕಂಬಿಯಿಲ್ಲ. ಕೇಳಿದವರಿಗೆ ಗ್ರಂಥಪಾಲಕಿ ಬೀಗದ ಕೈ ಕೊಡುತ್ತಾರೆ. ಕೇಳಲು ಸಂಕೋಚಪಡುವವರು ಮಧ್ಯಾಹ್ನದ ಓದು ಅರ್ಧವಾದಾಗಲೇ ಎದ್ದು ಹೋಗುತ್ತಾರೆ. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಕಮೋಡ್, ಎರಡೂ ಬದಿ ಕಂಬಿ, ಹೊರಕ್ಕೆ ತೆರೆಯುವ ಅಗಲದ ಬಾಗಿಲು ಇರುವ ಒಂದು ಶೌಚಾಲಯಕ್ಕೆ ಅಂದಾಜು ಪಟ್ಟಿ ಸಿದ್ಧವಾಗಿದೆ. ಟೈಲರ್ ಈ ಬಾರಿಯೂ ಅಳತೆಗೆ ಕುಳಿತರು. ರ‍್ಯಾಂಪಿನ ಎರಡನೇ ಬದಿಯ ಹಿಡಿಕಂಬಿಯನ್ನೂ ಅದೇ ಅರ್ಜಿಯಲ್ಲಿ ಸೇರಿಸಿ, ಮಧ್ಯಾಹ್ನ ಓದಲು ಬರುವವರೆಲ್ಲರ ಸಹಿ ಮತ್ತು ಹೆಬ್ಬೆಟ್ಟಿನೊಂದಿಗೆ ಸಲ್ಲಿಸಲಾಗಿದೆ. ಮಂಜೂರಾತಿ ಬರಬೇಕಿದೆ.